ಗೋಶಾಲೆ ನಿರ್ವಹಣೆ: ರಾಸುಗಳ ಆರೈಕೆ, ಮೇವಿನ ಲೆಕ್ಕ ಮತ್ತು ರೈತರಿಗೆ ಮರುಹಂಚಿಕೆ

ಪೀಠಿಕೆ

ಗೊಡ್ಡಾದ ಹಸು, ದುಡಿಮೆ ನಿಂತ ಎತ್ತು, ಮಿಶ್ರತಳಿಯ ಗಂಡು ಕರು, ವಾರಸುದಾರರಿಲ್ಲದೆ ಬೀದಿಯಲ್ಲಿ ಅಲೆಯುವ ರಾಸು, ಅಕ್ರಮ ಸಾಗಾಣಿಕೆಯಲ್ಲಿ ವಶಪಡಿಸಿಕೊಂಡ ಜಾನುವಾರು ಇವೆಲ್ಲವೂ ಕೊನೆಗೆ ಬಂದು ಸೇರುವ ಸ್ಥಳ ಗೋಶಾಲೆ. ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಅಧಿನಿಯಮ, 2020 ಜಾರಿಗೆ ಬಂದ ನಂತರ ಜಿಲ್ಲೆಗೊಂದು ಸರ್ಕಾರಿ ಗೋಶಾಲೆ ಸ್ಥಾಪಿಸುವ ಯೋಜನೆ ರೂಪುಗೊಂಡಿತು. ಇವಲ್ಲದೆ ಮಠಗಳು, ಟ್ರಸ್ಟ್‌ಗಳು ನಡೆಸುವ ಗೋಶಾಲೆಗಳೂ ಬರಗಾಲದಲ್ಲಿ ತಾಲ್ಲೂಕು ಆಡಳಿತ ತೆರೆಯುವ ತಾತ್ಕಾಲಿಕ ಗೋಶಾಲೆಗಳೂ ಇವೆ.

ಗೋಶಾಲೆ ಎಂದೊಡನೆ ಕಟ್ಟಡ ಮತ್ತು ಭಕ್ತಿ ಎರಡೇ ನೆನಪಿಗೆ ಬರುತ್ತವೆ. ಆದರೆ ಗೋಶಾಲೆಯಲ್ಲಿ ರಾಸುಗಳ ಅಳಿವು ಉಳಿವನ್ನು ನಿರ್ಧರಿಸುವುದು ಮೇವು. ಮಳೆಗಾಲದಲ್ಲಿ ಚೆನ್ನಾಗಿ ನಡೆದ ಗೋಶಾಲೆಯು ಏಪ್ರಿಲ್ ತಿಂಗಳಲ್ಲಿ ಕುಸಿಯುವುದಕ್ಕೆ ಕಾರಣ ಬಹುಪಾಲು ಮೇವಿನ ಕೊರತೆಯೇ. ಆದುದರಿಂದ ಈ ಲೇಖನದಲ್ಲಿ ರಾಸನ್ನು ಸ್ವೀಕರಿಸುವ ದಿನದಿಂದ ಮತ್ತೆ ರೈತನ ಕೊಟ್ಟಿಗೆಗೆ ಕಳುಹಿಸುವವರೆಗಿನ ಕ್ರಮಗಳನ್ನು ಮೇವಿನ ಲೆಕ್ಕವನ್ನು ನಡುವಿಟ್ಟುಕೊಂಡು ವಿವರಿಸಲಾಗಿದೆ. ಗೋಶಾಲೆ ನಡೆಸುವವರು, ಗ್ರಾಮ ಪಂಚಾಯಿತಿಯವರು ಮತ್ತು ಗೋಶಾಲೆಯಿಂದ ರಾಸು ಪಡೆಯಲು ಬಯಸುವ ರೈತರು ಇದನ್ನು ಬಳಸಿಕೊಳ್ಳಬಹುದು.

ರಾಸನ್ನು ಸ್ವೀಕರಿಸುವಾಗ

ಗೋಶಾಲೆಗೆ ಬರುವ ರಾಸುಗಳಲ್ಲಿ ಮೂರು ಬಗೆ. ಮೊದಲನೆಯದು, ರೈತರೇ ತಂದು ಒಪ್ಪಿಸಿದವು. ಎರಡನೆಯದು, ವಾರಸುದಾರರಿಲ್ಲದ ಬೀದಿ ದನಗಳು. ಮೂರನೆಯದು, ಪೊಲೀಸರು ವಶಪಡಿಸಿಕೊಂಡು ಕಳುಹಿಸಿದವು. ಈ ವ್ಯತ್ಯಾಸವನ್ನು ಮೊದಲ ದಿನವೇ ದಾಖಲಿಸಿ. ಮೂರನೆಯ ಬಗೆಯವು ನ್ಯಾಯಾಲಯದ ಪ್ರಕರಣಕ್ಕೆ ಸೇರಿದ ಸ್ವತ್ತು. ನ್ಯಾಯಾಲಯದ ಆದೇಶವಿಲ್ಲದೆ ಅವುಗಳನ್ನು ಯಾರಿಗೂ ಕೊಡುವಂತಿಲ್ಲ.

ಪ್ರತಿ ರಾಸಿಗೂ ಒಂದು ಪುಟ ಮೀಸಲಿಡಿ. ಅದರಲ್ಲಿ ಬಂದ ದಿನಾಂಕ, ತಂದವರ ವಿವರ, ಕಿವಿಯೋಲೆಯ 12 ಅಂಕಿಗಳ ಸಂಖ್ಯೆ, ತಳಿ, ಲಿಂಗ, ಹಲ್ಲು ನೋಡಿ ಅಂದಾಜಿಸಿದ ವಯಸ್ಸು, ಬಣ್ಣ ಮತ್ತು ಕೊಂಬಿನ ಗುರುತು, ಗಾಯ, ಗಬ್ಬದ ಸ್ಥಿತಿ ಹಾಗೂ ತೂಕ ಇರಬೇಕು. ಕಿವಿಯೋಲೆ ಇಲ್ಲದಿದ್ದರೆ ಪಶುಪಾಲನಾ ಇಲಾಖೆಯ ಸಿಬ್ಬಂದಿಯಿಂದ ಹಾಕಿಸಿ. ಇದ್ದರೆ ಆ ಸಂಖ್ಯೆಯಿಂದ ಹಿಂದಿನ ಮಾಲೀಕರನ್ನು ಪತ್ತೆ ಹಚ್ಚಲು ಸಾಧ್ಯ. ತಪ್ಪಿಸಿಕೊಂಡು ಬಂದ ರಾಸನ್ನು ಮನೆಗೆ ಮರಳಿಸುವುದೇ ಅತ್ಯಂತ ಕಡಿಮೆ ಖರ್ಚಿನ ಪುನರ್ವಸತಿ.

ತೂಕದ ಯಂತ್ರ ಇಲ್ಲದಿದ್ದರೆ ಅಳತೆ ಪಟ್ಟಿ ಸಾಕು. ಮುಂಗಾಲಿನ ಹಿಂಬದಿಯಲ್ಲಿ ಎದೆಯ ಸುತ್ತಳತೆಯನ್ನೂ, ಭುಜದ ತುದಿಯಿಂದ ಪೃಷ್ಠದ ಮೂಳೆಯ ತುದಿಯವರೆಗಿನ ಉದ್ದವನ್ನೂ ಅಂಗುಲಗಳಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದ ಮೊತ್ತವನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ಅಂದಾಜು ತೂಕ ಸಿಗುತ್ತದೆ. ಉದಾಹರಣೆಗೆ ಸುತ್ತಳತೆ 60 ಅಂಗುಲ, ಉದ್ದ 50 ಅಂಗುಲ ಇದ್ದರೆ ತೂಕ ಸುಮಾರು 273 ಕಿ.ಗ್ರಾಂ. ತಿಂಗಳಿಗೊಮ್ಮೆ ಇದೇ ಅಳತೆ ತೆಗೆದರೆ ರಾಸು ಚೇತರಿಸಿಕೊಳ್ಳುತ್ತಿದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ. ದಿನವೂ ನೋಡುವ ಕಣ್ಣಿಗೆ ನಿಧಾನವಾಗಿ ಸೊರಗುವುದು ಕಾಣುವುದಿಲ್ಲ.

ಮೊದಲ 21 ದಿನಗಳ ಪ್ರತ್ಯೇಕ ವಾಸ

ಹೊಸ ರಾಸನ್ನು ನೇರವಾಗಿ ಹಿಂಡಿಗೆ ಸೇರಿಸಬೇಡಿ. ಮುಖ್ಯ ಕೊಟ್ಟಿಗೆಯಿಂದ ದೂರದಲ್ಲಿ, ಮಳೆನೀರು ಅತ್ತ ಕಡೆಯಿಂದ ಇತ್ತ ಹರಿದು ಬರದ ಸ್ಥಳದಲ್ಲಿ ಪ್ರತ್ಯೇಕ ಕೊಟ್ಟಿಗೆ ಇರಲಿ. ಅಲ್ಲಿನ ನೀರಿನ ತೊಟ್ಟಿ, ಬುಟ್ಟಿ, ಸಲಿಕೆ ಬೇರೆಯೇ ಇರಬೇಕು. ಒಬ್ಬನೇ ಕೆಲಸಗಾರನಿದ್ದರೆ ಆತ ಮೊದಲು ಆರೋಗ್ಯವಂತ ರಾಸುಗಳ ಕೆಲಸ ಮುಗಿಸಿ, ಕೊನೆಯಲ್ಲಿ ಪ್ರತ್ಯೇಕ ಕೊಟ್ಟಿಗೆಗೆ ಹೋಗಲಿ.

ಈ ಅವಧಿಯಲ್ಲಿ ಪಶುವೈದ್ಯರಿಂದ ಮಾಡಿಸಬೇಕಾದ ಕೆಲಸಗಳು:

1. ಕಂದು ರೋಗ ಮತ್ತು ಕ್ಷಯ ರೋಗದ ಪರೀಕ್ಷೆ. ಇವೆರಡೂ ಮನುಷ್ಯರಿಗೂ ಹರಡುತ್ತವೆ.
2. ಸಗಣಿ ಪರೀಕ್ಷೆ ಮಾಡಿಸಿ, ಅದಕ್ಕೆ ತಕ್ಕ ಜಂತುನಾಶಕ ಕೊಡಿಸುವುದು.
3. ಉಣ್ಣೆ, ಹೇನು, ಚಿಗಟಗಳ ನಿಯಂತ್ರಣ.
4. ಗಬ್ಬದ ತಪಾಸಣೆ.
5. ರಾಸಿನ ಸ್ಥಿತಿ ನೋಡಿ ಲಸಿಕೆ ಹಾಕಿಸುವುದು. ತೀರ ಬಡಕಲಾದ, ಜ್ವರವಿರುವ ರಾಸಿಗೆ ಯಾವಾಗ ಲಸಿಕೆ ಹಾಕಬೇಕೆಂಬುದನ್ನು ವೈದ್ಯರೇ ತೀರ್ಮಾನಿಸಲಿ.

ಹಸಿದು ಬಂದ ರಾಸಿಗೆ ಏನು ಕೊಡಬೇಕು, ಏನು ಕೊಡಬಾರದು

ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲಿ. ಬಹಳ ದಿನ ಮೇವಿಲ್ಲದೆ ಬಳಲಿದ ರಾಸಿನ ಮೆಲುಕು ಚೀಲದಲ್ಲಿ ನಾರನ್ನು ಜೀರ್ಣಿಸುವ ಸೂಕ್ಷ್ಮಾಣುಜೀವಿಗಳು ಕ್ಷೀಣಿಸಿರುತ್ತವೆ. ಆಗ ಕರುಣೆಯಿಂದ ಅನ್ನ, ರಾಗಿ ಹಿಟ್ಟು, ಗೋಧಿ, ಬೆಲ್ಲ ಸುರಿದರೆ ಪಿಷ್ಟವು ವೇಗವಾಗಿ ಹುದುಗಿ ಲ್ಯಾಕ್ಟಿಕ್ ಆಮ್ಲ ಉಂಟಾಗುತ್ತದೆ. ರಾಸು ಮೆಲುಕು ನಿಲ್ಲಿಸುತ್ತದೆ, ಹೊಟ್ಟೆ ಭಾರವಾಗುತ್ತದೆ, ಹುಳಿ ವಾಸನೆಯ ಭೇದಿಯಾಗುತ್ತದೆ. ಒಂದೆರಡು ದಿನಗಳಲ್ಲಿ ಸಾಯಲೂಬಹುದು.

ಮೇವಿನ ತಾಕು ನೋಡಲು ನಾನು ಸಂಕ್ರಾಂತಿಯ ಮರುದಿನ ಒಂದು ಗೋಶಾಲೆಗೆ ಹೋಗಿದ್ದೆ. ಹಿಂದಿನ ದಿನ ಭಕ್ತರು ಪೊಂಗಲ್, ಹೋಳಿಗೆ, ಬಾಳೆಹಣ್ಣು ತಂದು ಕೈಯಾರೆ ತಿನ್ನಿಸಿದ್ದರು. ಬಲಿಷ್ಠ ರಾಸುಗಳು ಇತರವನ್ನು ತಳ್ಳಿ ಹೊಟ್ಟೆ ಬಿರಿಯುವಷ್ಟು ತಿಂದಿದ್ದವು. ನಾನು ತಲುಪುವ ವೇಳೆಗೆ ಎರಡು ಹಸುಗಳು ನೆಲ ಹಿಡಿದಿದ್ದವು. ಪಶುವೈದ್ಯರು ಬಂದರೂ ಒಂದು ಉಳಿಯಲಿಲ್ಲ. ತಿನ್ನಿಸಿದವರಲ್ಲಿ ಯಾರೊಬ್ಬರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಅಲ್ಲಿ ಬೇಕಾಗಿದ್ದುದು ಬಾಗಿಲಲ್ಲಿ ಒಂದು ಫಲಕ ಮತ್ತು ಅದನ್ನು ಪಾಲಿಸುವಂತೆ ಹೇಳುವ ಒಬ್ಬ ಸಿಬ್ಬಂದಿ ಮಾತ್ರ.

ಸರಿಯಾದ ಕ್ರಮ ಹೀಗಿದೆ:

• ಮೊದಲು ಶುದ್ಧ ನೀರು, ಸ್ವಲ್ಪ ಸ್ವಲ್ಪವಾಗಿ, ಹಲವು ಬಾರಿ. ಬಾಯಾರಿದ ರಾಸನ್ನು ತೊಟ್ಟಿಯ ಮುಂದೆ ಒಮ್ಮೆಲೇ ಬಿಡಬೇಡಿ.
• ಮೊದಲ 3-4 ದಿನ ರಾಗಿ ಹುಲ್ಲು ಅಥವಾ ಜೋಳದ ಸೊಪ್ಪೆಯಂತಹ ಒಣಮೇವು ಮಾತ್ರ, ದಿನಕ್ಕೆ 4-5 ಬಾರಿ ಹಂಚಿ.
• 4ನೇ ದಿನದಿಂದ ಬಾಡಿಸಿದ ಹಸಿರು ಮೇವು 2 ಕಿ.ಗ್ರಾಂ.ನಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸುವುದು.
• ಒಂದು ವಾರದ ನಂತರ ಪಶು ಆಹಾರ 250 ಗ್ರಾಂ.ನಿಂದ ಆರಂಭಿಸಿ, ಎರಡು ಮೂರು ವಾರಗಳಲ್ಲಿ ಪೂರ್ಣ ಪ್ರಮಾಣಕ್ಕೆ ತರುವುದು. ಜೊತೆಗೆ ಲವಣ ಮಿಶ್ರಣ 30-50 ಗ್ರಾಂ.

ಬೀದಿಯಿಂದ ಬಂದ ರಾಸುಗಳಲ್ಲಿ ಪ್ಲಾಸ್ಟಿಕ್ ಚೀಲ, ಹಗ್ಗ, ಮೊಳೆ, ತಂತಿ ಹೊಟ್ಟೆಯಲ್ಲಿರುವುದು ಸಾಮಾನ್ಯ. ಉತ್ತಮ ಮೇವು ಕೊಟ್ಟರೂ ತೂಕ ಏರದಿದ್ದರೆ, ಎಡಪಕ್ಕೆ ಆಗಾಗ ಉಬ್ಬುತ್ತಿದ್ದರೆ, ಸಗಣಿ ಕಡಿಮೆಯಾಗಿದ್ದರೆ ಪಶುವೈದ್ಯರಿಗೆ ತಿಳಿಸಿ. ಶಸ್ತ್ರಚಿಕಿತ್ಸೆಯಿಂದ ಮೆಲುಕು ಚೀಲವನ್ನು ಬರಿದುಮಾಡಿ ಉಳಿಸಿಕೊಳ್ಳುವ ಅವಕಾಶವಿರುತ್ತದೆ.

ಕೊಟ್ಟಿಗೆ ಮತ್ತು ನೀರು

ಒಂದು ಹಸುವಿಗೆ ಚಾವಣಿಯ ಅಡಿ 3.5 ಚದರ ಮೀಟರ್, ತೆರೆದ ಅಂಗಳದಲ್ಲಿ 7 ಚದರ ಮೀಟರ್ ಜಾಗ ಬೇಕು. ಎಮ್ಮೆಗೆ 4 ಮತ್ತು 8 ಚದರ ಮೀಟರ್. ಕರುವಿಗೆ 1 ಮತ್ತು 2 ಚದರ ಮೀಟರ್. 100 ಹಸುಗಳ ಗೋಶಾಲೆಗೆ 350 ಚದರ ಮೀಟರ್ ಚಾವಣಿ ಹಾಗೂ 700 ಚದರ ಮೀಟರ್ ಅಂಗಳ ಅಗತ್ಯ. ಬಯಲುಸೀಮೆಯಲ್ಲಿ ಕೊಟ್ಟಿಗೆಯ ಉದ್ದ ಪೂರ್ವ-ಪಶ್ಚಿಮವಾಗಿರಲಿ.

ಗೋದಲಿಯಲ್ಲಿ ಪ್ರತಿ ರಾಸಿಗೂ ಎರಡರಿಂದ ಎರಡೂವರೆ ಅಡಿ ಉದ್ದದ ಸ್ಥಳ ದೊರೆಯಬೇಕು. ಮೇವು ಸಾಕಷ್ಟಿದ್ದರೂ ಗೋದಲಿ ಚಿಕ್ಕದಾದರೆ ಕೊಂಬಿನ ರಾಸುಗಳು ತಿಂದು, ಮುದಿ ರಾಸುಗಳು ಹಿಂದೆ ನಿಲ್ಲುತ್ತವೆ. ಆದುದರಿಂದ ಹೋರಿಗಳು, ಗಬ್ಬದ ಹಸುಗಳು, ಕರುಗಳು, ಮುದಿ ಮತ್ತು ಅಶಕ್ತ ರಾಸುಗಳು ಎಂದು ಕನಿಷ್ಠ ನಾಲ್ಕು ಗುಂಪು ಮಾಡಿ. ಹೋರಿಗಳನ್ನು ಹಸುಗಳೊಂದಿಗೆ ಬಿಡಬೇಡಿ. ಇದೊಂದನ್ನು ಮರೆತರೆ ಗೋಶಾಲೆಯೊಳಗೇ ಕರುಗಳು ಹುಟ್ಟಿ ಸಂಖ್ಯೆ ಏರುತ್ತದೆ. ಹೊರಗಿನ ಅನಾಥ ರಾಸಿಗೆ ಜಾಗವಿಲ್ಲದಾಗುತ್ತದೆ. ತಳಿ ಸಂರಕ್ಷಣೆಗೆ ಬೇಕಿಲ್ಲದ ಹೋರಿಗಳಿಗೆ ಪಶುವೈದ್ಯರಿಂದ ಬೀಜ ಒತ್ತಿಸಿ.

ದಿನಕ್ಕೆ ಒಂದು ರಾಸು ಸುಮಾರು 40 ಲೀಟರ್ ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ ಇನ್ನೂ ಹೆಚ್ಚು. 100 ರಾಸುಗಳಿಗೆ 4,000 ಲೀಟರ್. ಕೊಳವೆಬಾವಿಯ ಮೋಟಾರು ಕೆಟ್ಟರೂ ಮೂರು ದಿನ ಸಾಗುವಂತೆ ಕುಡಿಯುವ ನೀರಿಗೆಂದೇ 12,000 ಲೀಟರ್ ಸಂಗ್ರಹವಿರಲಿ. ತೊಟ್ಟಿಗೆ ವಾರಕ್ಕೊಮ್ಮೆ ಸುಣ್ಣ ಬಳಿಯಿರಿ.

ಮೇವಿನ ಲೆಕ್ಕ: 100 ರಾಸುಗಳ ಉದಾಹರಣೆ

ಸರಾಸರಿ 300 ಕಿ.ಗ್ರಾಂ. ತೂಕದ, ಹಾಲು ಕೊಡದ ರಾಸಿಗೆ ದಿನಕ್ಕೆ ಸುಮಾರು 7 ಕಿ.ಗ್ರಾಂ. ಶುಷ್ಕಾಂಶ ಬೇಕು. ಅದನ್ನು ಹೀಗೆ ಪೂರೈಸಬಹುದು:

• ಒಣಮೇವು: 4.5 ಕಿ.ಗ್ರಾಂ.
• ಹೈಬ್ರಿಡ್ ನೇಪಿಯರ್ ಹಸಿರು ಮೇವು: 10 ಕಿ.ಗ್ರಾಂ.
• ದ್ವಿದಳ ಹಸಿರು ಮೇವು: 2 ಕಿ.ಗ್ರಾಂ.
• ಪಶು ಆಹಾರ: 0.5 ಕಿ.ಗ್ರಾಂ.
• ಲವಣ ಮಿಶ್ರಣ: 30-50 ಗ್ರಾಂ, ಉಪ್ಪು: 30 ಗ್ರಾಂ.

100 ರಾಸುಗಳಿಗೆ ವರ್ಷಕ್ಕೆ ಒಣಮೇವು ಸುಮಾರು 164 ಟನ್, ನೇಪಿಯರ್ 365 ಟನ್, ದ್ವಿದಳ ಮೇವು 73 ಟನ್, ಪಶು ಆಹಾರ 18 ಟನ್ ಬೇಕಾಗುತ್ತದೆ. ಮಲೆನಾಡು ಗಿಡ್ಡದಂತಹ ಚಿಕ್ಕ ಗಾತ್ರದ ತಳಿಗೆ ಇದರ ಅರ್ಧದಷ್ಟು ಸಾಕಾಗಬಹುದು. ದೊಡ್ಡ ಗಾತ್ರದ ಎಚ್.ಎಫ್. ಮಿಶ್ರತಳಿಗೆ ಇದಕ್ಕಿಂತ ಹೆಚ್ಚು ಬೇಕು. ನಿಮ್ಮ ಹಿಂಡಿನ ಸರಾಸರಿ ತೂಕದಿಂದ ಲೆಕ್ಕವನ್ನು ಸರಿಪಡಿಸಿಕೊಳ್ಳಿ.

ಹಸಿರು ಮೇವು

ನೀರಾವರಿಯಲ್ಲಿ ಹೈಬ್ರಿಡ್ ನೇಪಿಯರ್ ಎಕರೆಗೆ ವರ್ಷಕ್ಕೆ 100 ಟನ್‌ಗೂ ಹೆಚ್ಚು ಇಳುವರಿ ಕೊಡಬಲ್ಲದು. ಯೋಜನೆಗೆ 100 ಟನ್ ಎಂದೇ ಹಿಡಿಯಿರಿ. ಆಗ 4 ಎಕರೆ ನೇಪಿಯರ್ ಬೇಕು. ಸಿಒ-4, ಸಿಒ-5 ಹಾಗೂ ಧಾರವಾಡದ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಕೇಂದ್ರದ ಡಿಎಚ್‌ಎನ್-6 ತಳಿಗಳು ಸೂಕ್ತ. ಸಾಲಿನಿಂದ ಸಾಲಿಗೆ 3 ಅಡಿ, ಗಿಡದಿಂದ ಗಿಡಕ್ಕೆ 2 ಅಡಿ ಅಂತರದಲ್ಲಿ ಎರಡು ಗೆಣ್ಣಿನ ತುಂಡುಗಳನ್ನು ನಾಟಿ ಮಾಡಿ. ಎಕರೆಗೆ ಸುಮಾರು 7,260 ತುಂಡುಗಳು ಬೇಕು. ಮೊದಲ ಕಟಾವು 75-80 ದಿನಗಳಿಗೆ, ನಂತರ 45 ದಿನಗಳಿಗೊಮ್ಮೆ. ನೆಲದಿಂದ ಅರ್ಧ ಅಡಿ ಬಿಟ್ಟು ಕತ್ತರಿಸಿ.

4 ಎಕರೆಯೆಂದರೆ 160 ಗುಂಟೆ. ಅದನ್ನು 45 ಪಟ್ಟಿಗಳಾಗಿ ವಿಂಗಡಿಸಿದರೆ ದಿನಕ್ಕೆ ಮೂರೂವರೆ ಗುಂಟೆ ಕಟಾವಿಗೆ ಬರುತ್ತದೆ. ಗುಂಟೆಗೆ 300 ಕಿ.ಗ್ರಾಂ.ಗೂ ಸ್ವಲ್ಪ ಮೇಲ್ಪಟ್ಟು ಸಿಕ್ಕರೆ ದಿನದ 1,000 ಕಿ.ಗ್ರಾಂ. ಅಗತ್ಯ ಪೂರೈಸಿದಂತೆ. ಪಟ್ಟಿಗೊಂದು ಗೂಟ ನೆಟ್ಟು ಸಂಖ್ಯೆ ಬರೆಯಿರಿ. ಎಲ್ಲವನ್ನೂ ಒಮ್ಮೆಲೇ ನಾಟಿ ಮಾಡಿ, ಒಮ್ಮೆಲೇ ಬಲಿಯಲು ಬಿಡುವುದು ಸಾಮಾನ್ಯ ತಪ್ಪು. ಬಲಿತ ನೇಪಿಯರ್‌ನ ದಂಟನ್ನು ಮುದಿ ರಾಸು ತಿನ್ನಲಾರದು. ಯಾವ ಮೇವನ್ನೇ ಆಗಲಿ, ಕತ್ತರಿಸುವ ಯಂತ್ರದಲ್ಲಿ ತುಂಡು ಮಾಡಿಯೇ ಕೊಡಿ.

ನೇಪಿಯರ್‌ನಲ್ಲಿ ಆಕ್ಸಲೇಟ್ ಇರುವುದರಿಂದ ಅದು ಸುಣ್ಣದ ಅಂಶವನ್ನು ಹಿಡಿದಿಡುತ್ತದೆ. ಅದೊಂದನ್ನೇ ತಿಂಗಳುಗಟ್ಟಲೆ ಕೊಡಬಾರದು. ಲೂಸರ್ನ್ ಎಂದು ಕರೆಯುವ ಕುದುರೆ ಮಸಾಲೆ ಸೊಪ್ಪು, ಅಲಸಂದೆ, ಹೆಡ್ಜ್ ಲೂಸರ್ನ್ ಇವುಗಳಲ್ಲಿ ಒಂದನ್ನು 3 ಎಕರೆಯಲ್ಲಿ ಬೆಳೆದರೆ ದ್ವಿದಳ ಮೇವಿನ ಅಗತ್ಯ ಪೂರೈಸುತ್ತದೆ. ಬದುಗಳಲ್ಲಿ ಅಗಸೆ, ಗ್ಲಿರಿಸಿಡಿಯ, ಸುಬಾಬುಲ್ ಬೆಳೆಸಿ; ಬೇಸಿಗೆಯಲ್ಲಿ ಹಸಿರಾಗಿ ಉಳಿಯುವುದು ಮರಗಳೇ. ಇಬ್ಬನಿ ಆರದ ಕುದುರೆ ಮಸಾಲೆಯನ್ನು ಖಾಲಿ ಹೊಟ್ಟೆಗೆ ಕೊಟ್ಟರೆ ಹೊಟ್ಟೆಯುಬ್ಬರವಾಗುತ್ತದೆ. ಒಣಮೇವಿನ ನಂತರವೇ ಕೊಡಿ.

ಎಚ್ಚರಿಕೆ: ಎಳೆಯ ಜೋಳದ ಪೈರಿನಲ್ಲಿ, ಅದರಲ್ಲೂ ಬರಕ್ಕೆ ಸಿಲುಕಿ ಬಾಡಿದ ಪೈರು ಮತ್ತು ಕೂಳೆ ಚಿಗುರಿನಲ್ಲಿ ಸಯನೈಡ್ ವಿಷಾಂಶ ಇರುತ್ತದೆ. ಹೂ ಬಿಡುವ ಹಂತಕ್ಕೆ ಮೊದಲು ಜೋಳದ ಹಸಿ ಮೇವನ್ನು ಕೊಡಬೇಡಿ. ಯೂರಿಯಾ ಹಾಕಿದ ಕೂಡಲೇ ಕತ್ತರಿಸಿದ ಮೇವಿನಲ್ಲಿ ನೈಟ್ರೇಟ್ ಹೆಚ್ಚಿರುವುದರಿಂದ ಅದೂ ಅಪಾಯಕಾರಿ.

ಒಣಮೇವು

ಎಕರೆಗೆ ಒಂದೂವರೆಯಿಂದ ಎರಡು ಟನ್ ರಾಗಿ ಹುಲ್ಲು ಸಿಗುವುದೆಂದು ಹಿಡಿದರೆ, 164 ಟನ್‌ಗೆ 80ರಿಂದ 110 ಎಕರೆಯ ಹುಲ್ಲು ಬೇಕು. ಅಷ್ಟು ಭೂಮಿ ಯಾವ ಗೋಶಾಲೆಗೂ ಇರುವುದಿಲ್ಲ. ಅಂದರೆ 100 ರಾಸುಗಳ ಗೋಶಾಲೆಯು ಸುತ್ತಲಿನ ಸುಮಾರು 100 ಎಕರೆ ರೈತರ ಭೂಮಿಯನ್ನು ಆಶ್ರಯಿಸಿದೆ. ಇದನ್ನು ಅರಿತವರು ಸುಗ್ಗಿಯ ಕಾಲದಲ್ಲೇ ರೈತರೊಂದಿಗೆ ಮಾತಾಡಿ ಬಣವೆ ಹಾಕಿಸುತ್ತಾರೆ. ಅರಿಯದವರು ಮಾರ್ಚ್ ಕಳೆದ ಮೇಲೆ ದುಬಾರಿ ಬೆಲೆಗೆ ಲಾರಿ ಹುಡುಕುತ್ತಾರೆ.

ಭತ್ತದ ಪ್ರದೇಶಗಳಲ್ಲಿ ಕಟಾವು ಯಂತ್ರ ಬಿಟ್ಟುಹೋದ ಹುಲ್ಲನ್ನು ಸುಡುವ ರೂಢಿಯಿದೆ. ಬೇಲರ್ ಯಂತ್ರದಿಂದ ಆ ಹುಲ್ಲನ್ನು ಪೆಂಡಿ ಕಟ್ಟಿಸಿ ತಂದರೆ ಎರಡೂ ಕಡೆಗೆ ಲಾಭ. ಭತ್ತದ ಹುಲ್ಲಿನ ಸತ್ವ ಕಡಿಮೆಯಾದುದರಿಂದ ಯೂರಿಯಾ ಉಪಚಾರ ಮಾಡಬಹುದು: 100 ಕಿ.ಗ್ರಾಂ. ಹುಲ್ಲಿಗೆ 4 ಕಿ.ಗ್ರಾಂ. ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ಣ ಕರಗಿಸಿ, ಪದರ ಪದರವಾಗಿ ಸಿಂಪಡಿಸಿ ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ 21 ದಿನ ಇಡಬೇಕು. ಹೊರತೆಗೆದ ಹುಲ್ಲನ್ನು ಒಂದು ಗಂಟೆ ಗಾಳಿಗೆ ಹರಡಿ ನಂತರ ಕೊಡಿ. ಆರು ತಿಂಗಳೊಳಗಿನ ಕರುಗಳಿಗೆ ಕೊಡಬಾರದು. ಯೂರಿಯಾ ನೀರು ರಾಸುಗಳ ಬಾಯಿಗೆ ಸಿಗದಂತೆ ನೋಡಿಕೊಳ್ಳಿ. ಅದನ್ನು ಕುಡಿದರೆ ರಾಸು ಸಾಯುತ್ತದೆ.

ಬೇಸಿಗೆಗೆ ರಸಮೇವು

ಬೇಸಿಗೆಯ 90 ದಿನ ಹಸಿರು ಮೇವಿನ ಇಳುವರಿ ಅರ್ಧಕ್ಕೆ ಇಳಿಯುತ್ತದೆಂದು ಎಣಿಸಿ, ದಿನಕ್ಕೆ 500 ಕಿ.ಗ್ರಾಂ.ನಂತೆ 45 ಟನ್ ರಸಮೇವು ಸಿದ್ಧವಿಡಿ. ಒಂದು ಘನ ಮೀಟರ್ ಗುಂಡಿಯಲ್ಲಿ ಸುಮಾರು 500 ಕಿ.ಗ್ರಾಂ. ಹಿಡಿಯುತ್ತದೆ. 15 ಮೀಟರ್ ಉದ್ದ, 3 ಮೀಟರ್ ಅಗಲ, 2 ಮೀಟರ್ ಆಳದ ಗುಂಡಿ ಸಾಕು. ಆಫ್ರಿಕನ್ ಟಾಲ್ ಮೆಕ್ಕೆಜೋಳವನ್ನು ಕಾಳು ಹಾಲುಗಟ್ಟಿ ಗಟ್ಟಿಯಾಗುವ ಹಂತದಲ್ಲಿ ಕತ್ತರಿಸಿ, ತುಂಡು ಮಾಡಿ, ಟ್ರ್ಯಾಕ್ಟರ್‌ನಿಂದ ತುಳಿಸಿ ಮುಚ್ಚಿ. 45-60 ದಿನಗಳಲ್ಲಿ ಬಳಕೆಗೆ ಬರುತ್ತದೆ. ಬೂಷ್ಟು ಹಿಡಿದ ಭಾಗವನ್ನು ಎಸೆಯಿರಿ.

ಎಷ್ಟು ರಾಸುಗಳನ್ನು ಸಾಕಬಹುದು?

ಕೊಟ್ಟಿಗೆಯಲ್ಲಿ ಎಷ್ಟು ನಿಲ್ಲುತ್ತವೆ ಎಂಬುದು ಗೋಶಾಲೆಯ ಸಾಮರ್ಥ್ಯವಲ್ಲ. ಮೇ ತಿಂಗಳ ಕೊನೆಯವರೆಗೆ ಎಷ್ಟಕ್ಕೆ ಮೇವಿದೆ ಎಂಬುದೇ ಸಾಮರ್ಥ್ಯ. ಡಿಸೆಂಬರ್ ಕೊನೆಯಲ್ಲಿ ಬಣವೆಯನ್ನು ಅಳೆದು, ದಿನದ ಬಳಕೆಯಿಂದ ಭಾಗಿಸಿ. ಎಷ್ಟು ದಿನಕ್ಕೆ ಬರುತ್ತದೆಂಬುದನ್ನು ಕಚೇರಿಯ ಫಲಕದ ಮೇಲೆ ಬರೆಯಿರಿ. 100 ರಾಸುಗಳ ಮೇವಿನಲ್ಲಿ 150 ರಾಸುಗಳನ್ನು ಸಾಕಿದರೆ ಹೆಚ್ಚುವರಿ ಐವತ್ತನ್ನು ಉಳಿಸಿದಂತಾಗುವುದಿಲ್ಲ. ಎಲ್ಲ ನೂರೈವತ್ತೂ ಸೊರಗುತ್ತವೆ. ಮುಂಗಾರಿನ ಮೊದಲ ಮಳೆಯ ಚಳಿಗೆ ಮುದಿಯವು ಒಂದೊಂದಾಗಿ ಬೀಳುತ್ತವೆ. ಬಾಗಿಲಿಗೆ ಬಂದ ರಾಸನ್ನು ಇಲ್ಲವೆನ್ನುವುದು ಕಷ್ಟ. ಆದರೆ ಒಳಗಿರುವವುಗಳ ಪಾಲನ್ನು ಕಸಿದು ಹೊರಗಿನದಕ್ಕೆ ಕೊಡುವುದು ಆರೈಕೆಯಲ್ಲ. ಸಾಮರ್ಥ್ಯ ತುಂಬಿದಾಗ ನೆರೆಯ ಗೋಶಾಲೆಗೆ ಕಳುಹಿಸುವ ಒಪ್ಪಂದವನ್ನು ಮುಂಚಿತವಾಗಿಯೇ ಮಾಡಿಕೊಳ್ಳಿ.

ಖರ್ಚಿನ ಮಾತು

ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ಒಂದು ರಾಸನ್ನು ಒಂದು ವರ್ಷಕ್ಕೆ ದತ್ತು ಪಡೆಯಲು 11,000 ರೂಪಾಯಿ ನಿಗದಿಯಾಗಿತ್ತು. ದಿನಕ್ಕೆ ಸುಮಾರು 30 ರೂಪಾಯಿ ಆಯಿತು. ಒಣಮೇವಿನ ಬೆಲೆ ಕಿಲೋಗೆ 7 ರೂಪಾಯಿ ಇದ್ದರೂ ನಾಲ್ಕೂವರೆ ಕಿಲೋಗೇ 31 ರೂಪಾಯಿ ಮುಗಿಯುತ್ತದೆ. ಪಶು ಆಹಾರ, ಔಷಧ, ಕೂಲಿ ಎಲ್ಲವೂ ಉಳಿಯಿತು. ಆದುದರಿಂದ ದಾನದ ಹಣವನ್ನೇ ನಂಬಿ ಮೇವು ಕೊಳ್ಳುವ ಗೋಶಾಲೆ ಬಾಳುವುದಿಲ್ಲ; ಮೇವು ಬೆಳೆಯುವ ಮತ್ತು ಗೊಬ್ಬರಕ್ಕೆ ಹುಲ್ಲನ್ನು ವಿನಿಮಯ ಮಾಡಿಕೊಳ್ಳುವ ಗೋಶಾಲೆ ಬಾಳುತ್ತದೆ.

ವಿನಿಮಯದ ಲೆಕ್ಕ ಹೀಗಿದೆ. ರಾಸಿಗೆ ದಿನಕ್ಕೆ 10 ಕಿ.ಗ್ರಾಂ. ಸಗಣಿಯಂತೆ 100 ರಾಸುಗಳಿಂದ ದಿನಕ್ಕೆ 1 ಟನ್, ವರ್ಷಕ್ಕೆ 365 ಟನ್. ಕಳಿತ ಗೊಬ್ಬರ ಇದರ ಶೇ. 40-50ರಷ್ಟು, ಅಂದರೆ 150-180 ಟನ್. ಗೋಶಾಲೆಯ 7 ಎಕರೆ ಮೇವಿನ ತಾಕಿಗೆ ಎಕರೆಗೆ 10 ಟನ್‌ನಂತೆ 70 ಟನ್ ಬಳಸಿದರೂ 80-110 ಟನ್ ಉಳಿಯುತ್ತದೆ. ಎಕರೆಗೆ 4 ಟನ್‌ನಂತೆ ಇದು 20-25 ಎಕರೆಗೆ ಸಾಕು. ಹುಲ್ಲು ಕೊಡುವ 100 ಎಕರೆ ರೈತರಿಗೆ ಸರದಿಯಂತೆ ನಾಲ್ಕೈದು ವರ್ಷಕ್ಕೊಮ್ಮೆ ಗೊಬ್ಬರ ತಲುಪಿಸಿದರೆ ಭೂಮಿಯಿಂದ ಬಂದುದು ಭೂಮಿಗೆ ಮರಳುತ್ತದೆ, ಹುಲ್ಲಿನ ಪೂರೈಕೆಯೂ ಖಚಿತವಾಗುತ್ತದೆ.

ರೋಗ ನಿರ್ವಹಣೆ

• ಕಾಲುಬಾಯಿ ಜ್ವರ: ವರ್ಷಕ್ಕೆ ಎರಡು ಬಾರಿ ಲಸಿಕೆ.
• ಗಳಲೆ ರೋಗ ಮತ್ತು ಚಪ್ಪೆ ರೋಗ: ಮುಂಗಾರಿಗೆ ಮುನ್ನ.
• ಚರ್ಮಗಂಟು ರೋಗ: ಇಲಾಖೆಯ ಕಾರ್ಯಕ್ರಮದಂತೆ ಲಸಿಕೆ; ಸೊಳ್ಳೆ, ನೊಣ, ಉಣ್ಣೆಗಳ ನಿಯಂತ್ರಣ.
• ಕಂದು ರೋಗ: 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಒಮ್ಮೆ ಮಾತ್ರ ಲಸಿಕೆ. ಗರ್ಭಪಾತವಾದ ಹಸುವಿನ ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ. ಸುಣ್ಣ ಹಾಕಿ ಆಳವಾಗಿ ಹೂಳಿ.

ಏಳಲಾರದೆ ಮಲಗಿದ ರಾಸಿಗೆ ದಪ್ಪನೆಯ ಹುಲ್ಲಿನ ಹಾಸಿಗೆ ಹಾಕಿ, ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ನೀರು ಮೇವನ್ನು ಬಾಯಿಗೆ ಎಟುಕುವಂತಿಡಿ. ಸತ್ತ ರಾಸನ್ನು ಕನಿಷ್ಠ ಆರು ಅಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ, ನೀರಿನ ಮೂಲದಿಂದ ದೂರ ಹೂಳಬೇಕು. ದಿಢೀರನೆ ಸತ್ತು, ಮೂಗು, ಬಾಯಿ, ಗುದದ್ವಾರಗಳಿಂದ ಕಪ್ಪು ರಕ್ತ ಬಂದಿದ್ದರೆ ಅಂಥ್ರಾಕ್ಸ್ ಇರಬಹುದು. ಕಳೇಬರವನ್ನು ಕೊಯ್ಯದೆ, ಚರ್ಮ ಸುಲಿಯದೆ ಪಶುವೈದ್ಯರಿಗೆ ತಿಳಿಸಿ. ತುರ್ತು ಚಿಕಿತ್ಸೆಗೆ ಪಶು ಸಂಚಾರಿ ಚಿಕಿತ್ಸಾ ವಾಹನದ ಸಹಾಯವಾಣಿ 1962.

ಸಾವಿನ ದಾಖಲೆ ಪುಸ್ತಕವನ್ನು ಪ್ರಾಮಾಣಿಕವಾಗಿ ಇಡಿ. ಪ್ರತಿ ಸಾವಿನ ದಿನಾಂಕ, ವಯಸ್ಸು, ಗೋಶಾಲೆಗೆ ಬಂದು ಎಷ್ಟು ದಿನವಾಗಿತ್ತು ಮತ್ತು ಕಾರಣವನ್ನು ಬರೆಯಿರಿ. ಬಂದ ಮೊದಲ ಎರಡು ವಾರಗಳಲ್ಲಿ ಸಾವು ಹೆಚ್ಚಿದ್ದರೆ ಸ್ವೀಕರಿಸುವ ಕ್ರಮದಲ್ಲಿ ದೋಷವಿದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಹೆಚ್ಚಿದ್ದರೆ ಮೇವಿನ ಯೋಜನೆಯಲ್ಲಿ ದೋಷವಿದೆ. ಕರುಗಳು ಹೆಚ್ಚಾಗಿ ಸತ್ತಿದ್ದರೆ ಗಿಣ್ಣದ ಹಾಲು, ಜಂತುನಾಶಕ ಮತ್ತು ನೆಲದ ತೇವದ ಕಡೆ ಗಮನ ಕೊಡಿ. ಪುಸ್ತಕ ಮುಚ್ಚಿಟ್ಟರೆ ಮುಂದಿನ ವರ್ಷವೂ ಅದೇ ತಪ್ಪು ನಡೆಯುತ್ತದೆ.

ರೈತರಿಗೆ ಮರುಹಂಚಿಕೆ

ಗೋಶಾಲೆಯ ಎಲ್ಲ ರಾಸುಗಳೂ ಕೊನೆಯವರೆಗೆ ಅಲ್ಲೇ ಇರಬೇಕಾಗಿಲ್ಲ. ಕಡಸುಗಳು, ಚಿಕಿತ್ಸೆಯಿಂದ ಬೆದೆಗೆ ಬಂದ ಹಸುಗಳು, ಉಳುಮೆಗೆ ಪಳಗಿಸಬಹುದಾದ ಹೋರಿಗಳು, ಆರೋಗ್ಯವಾಗಿರುವ ಗೊಡ್ಡು ಹಸುಗಳು ಇವನ್ನು ರೈತರಿಗೆ ಕೊಡಬಹುದು. ಮುದಿಯವು, ಅಂಗವಿಕಲ ಮತ್ತು ದೀರ್ಘ ರೋಗದ ರಾಸುಗಳು ಗೋಶಾಲೆಯ ಶಾಶ್ವತ ಸದಸ್ಯರು. ಮೊದಲಿನವುಗಳಿಗೆ ಮನೆ ಸಿಕ್ಕಷ್ಟೂ ಎರಡನೆಯವುಗಳ ಪಾಲಿಗೆ ಮೇವು ಉಳಿಯುತ್ತದೆ.

ತಳಿಯನ್ನು ಪ್ರದೇಶಕ್ಕೆ ಹೊಂದಿಸಿ. ಹಳ್ಳಿಕಾರ್ ಮತ್ತು ಅಮೃತ್ ಮಹಲ್ ದಕ್ಷಿಣದ ಬಯಲುಸೀಮೆಗೆ, ಖಿಲಾರಿ ಮತ್ತು ಕೃಷ್ಣಾ ಕಣಿವೆ ತಳಿಗಳು ಉತ್ತರದ ಒಣಪ್ರದೇಶಕ್ಕೆ, ದೇವಣಿ ಬೀದರ್ ಕಡೆಗೆ, ಮಲೆನಾಡು ಗಿಡ್ಡ ಮಲೆನಾಡು ಮತ್ತು ಕರಾವಳಿಗೆ ಒಗ್ಗುತ್ತವೆ.

ರಾಸನ್ನು ಕೊಡುವ ಮುನ್ನ ಪರಿಶೀಲಿಸಬೇಕಾದ ಅಂಶಗಳು:

1. ಅರ್ಜಿದಾರರ ಮನೆಗೆ ಖುದ್ದಾಗಿ ಹೋಗಿ ಕೊಟ್ಟಿಗೆ, ನೀರು, ಬಣವೆಯನ್ನು ನೋಡಬೇಕು. ಕಾಗದದ ಮೇಲಿನ ಹೇಳಿಕೆ ಸಾಲದು.
2. ಒಂದು ರಾಸಿಗೆ ವರ್ಷಕ್ಕೆ ಸುಮಾರು 1.6 ಟನ್ ಒಣಮೇವು ಬೇಕು. ಒಂದು ಎಕರೆ ರಾಗಿಯ ಹುಲ್ಲಿಗೆ ಒಂದು ರಾಸು ಎಂಬುದು ಸರಳ ಅಳತೆ. ಇದಕ್ಕಿಂತ ಹೆಚ್ಚು ಕೊಡಬೇಡಿ.
3. ಮನೆಯಲ್ಲಿ ಆರೈಕೆ ಮಾಡುವವರು ಯಾರೆಂದು ಕೇಳಿ. ಅನೇಕ ಮನೆಗಳಲ್ಲಿ ಅರ್ಜಿ ಹಾಕುವವರು ಗಂಡಸರು, ದನ ನೋಡಿಕೊಳ್ಳುವವರು ಹೆಂಗಸರು. ಅವರ ಒಪ್ಪಿಗೆಯಿಲ್ಲದೆ ಹೋದ ರಾಸು ಮರಳಿ ಬರುವ ಸಂಭವ ಹೆಚ್ಚು.
4. ಹಸುವನ್ನೂ ಅದರ ಹಾಲು ಕುಡಿಯುವ ಕರುವನ್ನೂ ಬೇರ್ಪಡಿಸಬೇಡಿ. ಜೊತೆಗೆ ಬೆಳೆದ ಹೋರಿಗಳನ್ನು ಜೋಡಿಯಾಗಿಯೇ ಕೊಡಿ.
5. ರಾಸಿನ ದೋಷಗಳನ್ನು ಮುಚ್ಚಿಡಬೇಡಿ. ಹಾಯುವ ಸ್ವಭಾವ, ಕುಂಟುವಿಕೆ, ಗಬ್ಬ ನಿಲ್ಲದಿರುವಿಕೆ ಎಲ್ಲವನ್ನೂ ತಿಳಿಸಿ ಬರೆದುಕೊಡಿ. ಹಾಲಿನ ಭರವಸೆ ಕೊಡಬೇಡಿ.
6. ಮಾರಾಟ ಮಾಡದಿರುವ, ಸಾಕಲಾಗದಿದ್ದರೆ ಗೋಶಾಲೆಗೇ ಮರಳಿಸುವ ಒಪ್ಪಂದ ಪತ್ರವನ್ನು ಪಡೆಯಿರಿ. ಕಿವಿಯೋಲೆಯ ದಾಖಲೆಯಲ್ಲಿ ಮಾಲೀಕರ ಹೆಸರು ಬದಲಾಯಿಸಿ.

ಸಾಗಿಸುವಾಗ ಪಶುವೈದ್ಯರ ಪ್ರಮಾಣಪತ್ರ ಮತ್ತು ಹಸ್ತಾಂತರ ಪತ್ರ ಜೊತೆಗಿರಲಿ. ಪ್ರಾಣಿಗಳ ಸಾಗಾಣಿಕೆ ನಿಯಮಗಳು, 1978ರಂತೆ ಸಾಮಾನ್ಯ ಸರಕು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನಗಳನ್ನು ಸಾಗಿಸುವಂತಿಲ್ಲ. ತುಂಬು ಗಬ್ಬದ ಹಸುವನ್ನು ಕಳುಹಿಸಬೇಡಿ. ಬೆಳಗಿನ ತಂಪಿನಲ್ಲಿ, ಹುಲ್ಲು ಹಾಸಿದ ವಾಹನದಲ್ಲಿ, ಇಳಿಜಾರು ಹಲಗೆಯ ಮೂಲಕ ಹತ್ತಿಸಿ. ಗೋಶಾಲೆಯಲ್ಲಿ ತಿನ್ನುತ್ತಿದ್ದ ಮೇವನ್ನು ಒಂದು ವಾರಕ್ಕಾಗುವಷ್ಟು ಜೊತೆಗೆ ಕಳುಹಿಸಿದರೆ ರೈತರು ತಮ್ಮ ಮೇವನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ ಬದಲಾಯಿಸಬಹುದು.

15 ದಿನ, 3 ತಿಂಗಳು ಮತ್ತು 1 ವರ್ಷಕ್ಕೆ ಭೇಟಿ ನೀಡಿ ಎದೆಯ ಸುತ್ತಳತೆ ಅಳೆಯಿರಿ. ರೈತರು ರಾಸನ್ನು ಮರಳಿ ತಂದರೆ ನಿಂದಿಸಬೇಡಿ. ಬೈಸಿಕೊಳ್ಳುವ ಭಯವಿದ್ದವರು ಗೋಶಾಲೆಗೆ ತರುವ ಬದಲು ರಾತ್ರಿ ಹೆದ್ದಾರಿಯ ಬದಿಯಲ್ಲಿ ಬಿಟ್ಟುಹೋಗುತ್ತಾರೆ.

ರಾಸು ಪಡೆಯುವ ರೈತರಿಗೆ

ಗೊಡ್ಡು ಹಸುವಿನಿಂದ ಹಾಲಿನ ಆದಾಯವಿಲ್ಲ. ಆದರೆ ವರ್ಷಕ್ಕೆ ಮೂರೂವರೆ ಟನ್‌ನಷ್ಟು ಸಗಣಿ, ಅದರಿಂದ ಸುಮಾರು ಒಂದೂವರೆ ಟನ್ ಗೊಬ್ಬರ ದೊರೆಯುತ್ತದೆ. ಎಕರೆಗೆ ಒಮ್ಮೆ ಕೊಡುವ 200 ಲೀಟರ್ ಜೀವಾಮೃತಕ್ಕೆ ಬೇಕಾಗುವ ಸಗಣಿ 10 ಕಿ.ಗ್ರಾಂ. ಮಾತ್ರ, ಒಂದು ಹಸುವಿನ ಒಂದು ದಿನದ ಸಗಣಿ. ಗೊಬ್ಬರವನ್ನೂ ಜೀವಾಮೃತವನ್ನೂ ಕೊಂಡು ಬಳಸುತ್ತಿರುವ ರೈತರಿಗೆ ಇದು ಲಾಭ. ಹಾಲಿಗಾಗಿ ಎದುರುನೋಡುವವರಿಗೆ ನಷ್ಟ. ನೀವು ಯಾವ ಗುಂಪಿಗೆ ಸೇರಿದವರೆಂದು ಮೊದಲೇ ನಿರ್ಧರಿಸಿಕೊಳ್ಳಿ. ಹಸು ಬೆದೆಗೆ ಬರುವ ಸಾಧ್ಯತೆಯಿದ್ದರೆ ಪಶುವೈದ್ಯರ ಸಲಹೆಯಂತೆ ಕೃತಕ ಗರ್ಭಧಾರಣೆ ಮಾಡಿಸಿ.

ರಾಸನ್ನು ಒಪ್ಪಿಸಲು ಹೊರಟ ರೈತರಿಗೆ

ಗಬ್ಬ ನಿಲ್ಲುತ್ತಿಲ್ಲವೆಂದು ಗೋಶಾಲೆಗೆ ಬರುವ ಹಸುಗಳಲ್ಲಿ ಎಲ್ಲವೂ ನಿಜವಾಗಿ ಗೊಡ್ಡಲ್ಲ. ಲವಣಾಂಶಗಳ ಕೊರತೆ, ಗರ್ಭಕೋಶದ ಸೋಂಕು, ಬೆದೆಯನ್ನು ಗುರುತಿಸದಿರುವುದು ಇವು ಸರಿಪಡಿಸಬಹುದಾದ ಕಾರಣಗಳು. ಒಮ್ಮೆ ಪಶುವೈದ್ಯರಿಂದ ತಪಾಸಣೆ ಮಾಡಿಸಿ, ಎರಡು ಮೂರು ತಿಂಗಳು ಲವಣ ಮಿಶ್ರಣ ಕೊಟ್ಟು ನೋಡಿ. ಮಿಶ್ರತಳಿಯ ಗಂಡು ಕರುಗಳು ಹೊರೆಯೆನಿಸಿದರೆ ಲಿಂಗ ನಿರ್ಧಾರಿತ ವೀರ್ಯ ಬಳಸಬಹುದು. ಅದರಿಂದ ಹತ್ತರಲ್ಲಿ ಸುಮಾರು ಒಂಬತ್ತು ಹೆಣ್ಣು ಕರುಗಳೇ ಹುಟ್ಟುತ್ತವೆ.

ಆದರೂ ಸಾಕಲು ಸಾಧ್ಯವೇ ಇಲ್ಲವೆಂದಾದರೆ ಕಿವಿಯೋಲೆಯ ವಿವರ, ಲಸಿಕೆಯ ದಾಖಲೆ, ರಾಸಿನ ಸ್ವಭಾವವನ್ನು ಹೇಳಿ ಗೋಶಾಲೆಗೆ ಒಪ್ಪಿಸಿ. ಸಾಧ್ಯವಾದರೆ ಜೊತೆಗೆ ಒಂದು ಗಾಡಿ ಹುಲ್ಲನ್ನೂ ಕೊಡಿ. ಇಷ್ಟು ವರ್ಷ ನಿಮ್ಮ ಹೊಲಕ್ಕೆ ಗೊಬ್ಬರ ಕೊಟ್ಟ ರಾಸು ಅದು. ಬರುವ ಬೇಸಿಗೆಯನ್ನು ಕಳೆಯಲು ಅದಕ್ಕೆ ಆ ಹುಲ್ಲು ಬೇಕಾಗುತ್ತದೆ.